ಗೊತ್ತಿದ್ದರೆ ಯಾಕೆ ಕೇಳ್ತೀರಿ?

ತೋಟದ ಮನೆ
ಫೆಬ್ರವರಿ 9, ಶುಕ್ರವಾರ

ಪ್ರೂಫ್ ಸಾಹೇಬರಿಗೆ,

ತಡವಾಗಿದ್ದಕ್ಕೆ ಮೊದಲು ಬೈದುಬಿಡಿ, ಆಮೇಲೆ ಮುಂದಿನದು ಕೇಳಿ. ಈ ಕಾಗದ ಕಳೆದ ವಾರವೇ ಹೊರಡಬೇಕಾಗಿತ್ತು. ಪಂಪು ಕೆಟ್ಟಿತ್ತು, ಕಂದು ಮೇಕೆಗೆ ಹೊಟ್ಟೆ ಉಬ್ಬರಿಸಿತ್ತು. ಎರಡೂ ನಿಜವೇ, ಆದರೂ ಎರಡೂ ನೆಪ. ನಾನು ಕಾಯುತ್ತಿದ್ದದ್ದು ಶಿಕ್ಷಣ ಇಲಾಖೆಯ ತೀರ್ಮಾನಕ್ಕೆ. ಅದು ಕೈಗೆ ಬರುವವರೆಗೆ ಏನು ಬರೆದರೂ ಅರ್ಧ ಸುದ್ದಿಯಾಗುತ್ತಿತ್ತು. ಅರ್ಧ ಸುದ್ದಿ ಅಚ್ಚಿಗೆ ಹೋಗಬಾರದು ಎಂದು ಪತ್ರಿಕೆಯ ಪ್ರೂಫ್ ಮೇಜಿನ ಹಿಂದೆ ಕೂತು ವರ್ಷಗಟ್ಟಲೆ ಹೇಳಿದವರು ನೀವು. ಎದುರಿನ ಟೈಪ್‌ರೈಟರ್ ಹಿಂದೆ ಕೂತು ಕೇಳಿಸಿಕೊಂಡವಳು ನಾನು.

ಮುಖ್ಯ ಸುದ್ದಿ ಮೊದಲ ಸಾಲಿನಲ್ಲೇ ಇರಬೇಕು ಎನ್ನುವುದೂ ನಿಮ್ಮದೇ ಕಾನೂನು. ಈ ಸಲ ಅದನ್ನು ಮುರಿಯುತ್ತೇನೆ. ನಾವೆಲ್ಲ ಕಾದಿದ್ದೇವೆ, ನೀವೂ ಸ್ವಲ್ಪ ಕಾಯಿರಿ.

ತೋಟ ಚೆನ್ನಾಗಿದೆ. ನೀವು ಲಕ್ವ ಹೊಡೆದು ಬಿದ್ದ ದಿನ ಅರ್ಧಕ್ಕೇ ನಿಂತಿದ್ದ ಹುರುಳಿಕಾಯಿ ಸಾಲನ್ನು ದೊಡ್ಡವಳು ಮುಗಿಸಿದ್ದಾಳೆ. ಕಾಯಿ ಬಿಟ್ಟಿದೆ. ಪಂಪನ್ನು ನೀವು ಎಂಜಿನಿಯರ್ ಎಂದು ಹೆಸರಿಟ್ಟ ನಮ್ಮ ಎರಡನೆಯವ ಬಿಚ್ಚಿ ಜೋಡಿಸಿದ. ಎಲ್ಲ ಸೇರಿಸಿದ ಮೇಲೂ ಒಂದು ನಟ್ಟು ಮಿಕ್ಕಿತ್ತು. "ಇದೇನೋ?" ಎಂದೆ. "ಕಂಪನಿಯೋರು ಹೆಚ್ಚಿಗೆ ಹಾಕಿರ್ತಾರಮ್ಮ," ಎಂದ. ಪಂಪೇನೋ ಓಡುತ್ತಿದೆ. ನಟ್ಟು ಅಡುಗೆಮನೆಯ ಕಿಟಕಿಯಲ್ಲಿದೆ, ನೀವು ಬಂದು ತೀರ್ಪು ಕೊಡಬೇಕು. ನಮ್ಮ ಅವಳಿ ಜೋಡಿಗಳು ಈಗಲೂ ತಮ್ಮಲ್ಲಿ ಯಾರು ದೊಡ್ಡವರು ಎಂದು ಜಗಳವಾಡುತ್ತಾರೆ. ಹುಟ್ಟಿದ ಹೊತ್ತು ಯಾರಿಗೂ ಗೊತ್ತಿಲ್ಲದ ಕಾರಣ ನೀವು ಮಾಡಿಕೊಟ್ಟ ಏರ್ಪಾಟೇ ನಡೆಯುತ್ತಿದೆ: ಒಂದು ವಾರ ಇವನು ಅಣ್ಣ, ಮುಂದಿನ ವಾರ ಅವನು.

ಇನ್ನು ವಿಷಯಕ್ಕೆ ಬರುತ್ತೇನೆ. ನಿಮಗೆ ಚಿಂತೆ ಕೊಡಬಾರದೆಂದು ಡಾಕ್ಟರು ಹೇಳಿದ್ದರಿಂದ ಇಷ್ಟು ದಿನ ಮುಚ್ಚಿಟ್ಟಿದ್ದೆ. ನೀವು ಆಸ್ಪತ್ರೆ ಸೇರಿದ ಮುಂದಿನ ತಿಂಗಳೇ ಇಲಾಖೆಯಿಂದ ನೋಟಿಸ್ ಬಂದಿತ್ತು. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ಅನುಮತಿ ನಿಮ್ಮ ಹೆಸರಿನಲ್ಲಿದೆ. ಪಾಠ ಹೇಳುವವರು ಹಾಸಿಗೆ ಹಿಡಿದಿರುವುದರಿಂದ ಅಧಿಕಾರಿಯೊಬ್ಬರು ಬಂದು ಏಳೂ ಮಕ್ಕಳನ್ನು ಪರೀಕ್ಷಿಸುತ್ತಾರೆ. ತೃಪ್ತಿಯಾಗದಿದ್ದರೆ ಅನುಮತಿ ರದ್ದು. ಹತ್ತಿರದಲ್ಲಿ ಶಾಲೆಯಿಲ್ಲದ ಕಾರಣ ಅವರವರ ವಯಸ್ಸಿಗೆ ತಕ್ಕಂತೆ ಮಕ್ಕಳನ್ನು ವಸತಿ ಶಾಲೆಗಳಿಗೆ ಸೇರಿಸಲಾಗುವುದು.

ಊಟದ ಮೇಜಿನಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಈ ಮನೆಯಲ್ಲಿ ಬರುವ ಕಾಗದ ಎಲ್ಲರ ಕಾಗದ ತಾನೇ?

ನಮ್ಮ ಮೂರನೆಯವಳು, ಮಾತಿಗೆ ಮಾತು ಹುಡುಕುವ ಲಾಯರ್, ತಟ್ಟೆ ಸರಿಸಿ ಕೇಳಿದಳು: "ವಸತಿ ಶಾಲೆಗಳು ಅಂದ್ರೆ ಬೇರೆ ಬೇರೆನಾ?"

"ಹೂಂ."

"ಬೇರೆ ಬೇರೆ ಅಂದ್ರೆ ಎಷ್ಟು ಬೇರೆ?"

ನಾನು ನೋಟಿಸನ್ನು ಮಡಚಿಟ್ಟೆ. ಹುಡುಗಿಯರದು ಒಂದು ಕಡೆ, ಹುಡುಗರದು ಇನ್ನೊಂದು ಕಡೆ, ಚಿಕ್ಕವರದು ಮತ್ತೊಂದು ಕಡೆ. ಒಬ್ಬೊಬ್ಬರಾಗಿ ಬೇರೆ ಬೇರೆ ಕಡೆಯಿಂದ ಬಂದು ಅಣ್ಣ ತಂಗಿಯರಾದವರು ಇವರು. ಮತ್ತೆ ಒಬ್ಬೊಬ್ಬರಾಗಿ ಹೋಗುವುದು ಹೇಗೆ?

ಗುಮ್ಮ ಮಾತ್ರ ಏನೂ ಕೇಳಲಿಲ್ಲ. ಅವನು ನಮ್ಮಲ್ಲಿಗೆ ಬಂದು ವರ್ಷವಾಯಿತು. ಎಲ್ಲರಿಗಿಂತ ಚಿಕ್ಕವಳಾದ ಬಾಲಂಗೋಚಿಯ ಕಿವಿಯಲ್ಲಿ ಪಿಸುಗುಡುವುದು ಬಿಟ್ಟರೆ ಅವನ ದನಿಯನ್ನು ನಾವು ಸರಿಯಾಗಿ ಕೇಳಿಯೇ ಇಲ್ಲವಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಶೂ ಹಾಕಿಕೊಂಡು, ಬಂದಾಗ ತಂದಿದ್ದ ಆ ಸಣ್ಣ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದ. ನಮ್ಮಲ್ಲಿಗೆ ಬರುವ ಮುಂಚೆ ಮೂರು ಮನೆ ದಾಟಿದ ಹುಡುಗ. ಹೊರಡುವ ಹೊತ್ತು ಬಂತೆಂದರೆ ಸಿದ್ಧವಾಗಿರಬೇಕು ಎನ್ನುವುದೊಂದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. "ಇನ್ನೂ ಯಾರೂ ಬಂದಿಲ್ಲ ಮಗ, ಶೂ ಬಿಚ್ಚು," ಎಂದೆ. ಬಿಚ್ಚಲಿಲ್ಲ. ಅಂದಿನಿಂದ ಊಟಕ್ಕೆ, ಓದಿಗೆ, ಕೋಳಿಗೂಡಿಗೆ, ಎಲ್ಲದಕ್ಕೂ ಶೂ.

ಸುದ್ದಿ ಕೇಳಿ ನನ್ನ ತಮ್ಮ ಓಡಿಬಂದ. ಕಾಲೇಜಿನ ಲೆಕ್ಚರರ್ ಅಲ್ಲವೇ, ಅವನು ಬಂದರೆ ಮನೆಯೇ ಕ್ಲಾಸ್ ರೂಮು.

"ಅಕ್ಕಾ, ಭಾವ ಹುಷಾರಾಗಿದ್ದಾಗ ಹೇಗೋ ನಡೀತು. ಈಗ ನೀನೊಬ್ಬಳೇ ಕೋಳಿ ನೋಡ್ತೀಯೋ, ಮಕ್ಕಳನ್ನ ನೋಡ್ತೀಯೋ?"

"ಎರಡಕ್ಕೂ ಹೊತ್ತಿಗೆ ಸರಿಯಾಗಿ ಕಾಳು ಹಾಕಿದ್ರೆ ಗಲಾಟೆ ಮಾಡಲ್ಲ ಕಣೋ."

"ತಮಾಷೆ ಬೇಡ. ಅಧಿಕಾರಿ ಬಂದ್ರೆ ಕೇಳಿದ್ದಕ್ಕೆ ಥಟ್ ಅಂತ ಉತ್ತರ ಬರ್ಬೇಕು. ಅಭ್ಯಾಸ ನಾನು ಮಾಡಿಸ್ತೀನಿ."

ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬೆರಳು ತೋರಿಸಿ ಲಾಯರ್‌ಗೆ ಕೇಳಿದ: "ಏಳೆಂಟ್ಲ ಎಷ್ಟು?"

ಲಾಯರ್ ಅವನನ್ನು ಕನಿಕರದಿಂದ ನೋಡಿದಳು. "ಮಾವ, ನಿಮಗೆ ಏಳರ ಮಗ್ಗಿ ಬರಲ್ವಾ? ಕಾಲೇಜಲ್ಲಿ ಹೇಗೆ ಮ್ಯಾನೇಜ್ ಮಾಡ್ತೀರಾ?" ಎಂದವಳೇ ಸ್ಟೂಲು ಎಳೆದು ಪಕ್ಕದಲ್ಲಿ ಕೂತು, ಬೀನ್ಸ್ ಬೀಜ ಸುರಿದು ಏಳೇಳರ ಗುಂಪು ಮಾಡಿ ಕಲಿಸಲು ಶುರುಮಾಡಿದಳು. ನನ್ನ ತಮ್ಮನ ಮುಖ ಕೆಂಪಾಯಿತು. "ಮಾವನ್ನೇ ಗೇಲಿ ಮಾಡ್ತಿದಾಳೆ ನೋಡಕ್ಕ!" ಎಂದ. ಗೇಲಿಯಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ.

ನಿಮ್ಮ ಜೊತೆ ಪಕ್ಕದ ಹಾಸಿಗೆಯವರೂ ಇದನ್ನು ಕೇಳುತ್ತಿದ್ದರೆ ಅವರಿಗೂ ತಿಳಿಯಲಿ ಎಂದು ಹೇಳುತ್ತೇನೆ. ದೊಡ್ಡವಳು ಬಂದ ಹೊಸದರಲ್ಲಿ ನೀವು ಮಾಡಿದ ಕಟ್ಟಳೆ ಇದು. ಯಾರು ಏನೇ ಕೇಳಿದರೂ ಗೋಡೆಗೆ ಅಂಟಿ ನಿಲ್ಲುತ್ತಿದ್ದ ಮಗು ಅದು. ಉತ್ತರ ತಪ್ಪಿದರೆ ಹೊಡೆಯುವ ಮನೆಯಿಂದ ಬಂದಿತ್ತು. ಅದಕ್ಕೇ ನೀವು ಹೇಳಿದಿರಿ: ಈ ಮನೆಯಲ್ಲಿ ಗೊತ್ತಿಲ್ಲದವರು ಮಾತ್ರ ಕೇಳಬೇಕು. ಗೊತ್ತಿರುವವರು ಎದುರಿಗೆ ನಿಲ್ಲಬಾರದು, ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರಬೇಕು. ಕಲಿತದ್ದನ್ನು ತನಗಿಂತ ಚಿಕ್ಕವರಿಗೆ ಕಲಿಸಿದ ಮೇಲೆಯೇ ಕಲಿತಂತೆ ಲೆಕ್ಕ. ಹೀಗೆ ದೊಡ್ಡವಳಿಂದ ಎಂಜಿನಿಯರ್‌ಗೆ, ಅವನಿಂದ ಲಾಯರ್‌ಗೆ, ಅವಳಿಂದ ಜೋಡಿಗಳಿಗೆ, ಅವರಿಂದ ಗುಮ್ಮನಿಗೆ, ಗುಮ್ಮನಿಂದ ಬಾಲಂಗೋಚಿಗೆ ಪಾಠ ಇಳಿದು ಬಂದಿದೆ. ಗೊತ್ತಿದ್ದೂ ಕೇಳುವವರು ಪ್ರಪಂಚದಲ್ಲಿ ಇದ್ದಾರೆ ಎಂದು ಇವರಿಗೆ ಹೇಳಿಕೊಡಲು ನಾವಿಬ್ಬರೂ ಮರೆತಿದ್ದೆವು.

ಅಧಿಕಾರಿ ಈ ಸೋಮವಾರ ಬಂದರು. ಕನ್ನಡಕದ ಹೆಂಗಸು, ಗಟ್ಟಿ ಮುಖ, ಮೆತ್ತನೆ ಮಾತು. ಜೊತೆಗೆ ಜೀಪಿನ ಡ್ರೈವರ್. ಹಳೆ ಪತ್ರಿಕೆಗಳ ಕಟ್ಟು ಪೇರಿಸಿದ ನಮ್ಮ ಪಾಠದ ಕೋಣೆಯನ್ನು ಸುತ್ತ ನೋಡಿದರು. "ಪಠ್ಯಪುಸ್ತಕ ಎಲ್ಲಿ?" ಎಂದರು. ಇಲಾಖೆಯ ಪುಸ್ತಕಗಳನ್ನು ತೋರಿಸಿದೆ. "ಪೇಪರ್ ಯಾಕೆ?" ಎಂದರು. ನಮ್ಮ ಮನೆಯವರು ಬೆಳಿಗ್ಗೆ ಪತ್ರಿಕೆ ಓದಿಸಿ, ಯಾರು, ಎಲ್ಲಿ, ಯಾವಾಗ ಎಂಬುದು ಸುದ್ದಿಯಲ್ಲಿ ಸಿಗುತ್ತದೆಯೇ ಹುಡುಕಿಸುತ್ತಿದ್ದರು ಎಂದೆ. ತಲೆಯಾಡಿಸಿದರು. ಮೆಚ್ಚಿದರೋ ಇಲ್ಲವೋ ತಿಳಿಯಲಿಲ್ಲ.

ಮೊದಲು ಎಂಜಿನಿಯರ್. "ಎಂಟಡಿ ಉದ್ದ, ಐದಡಿ ಅಗಲ, ನಾಲ್ಕಡಿ ಆಳದ ತೊಟ್ಟಿ ಎಷ್ಟು ನೀರು ಹಿಡಿಯುತ್ತೆ?"

"ಎಲ್ಲಿ ಕಟ್ಟಿಸ್ತಿದೀರಾ ಮೇಡಂ?" ಎಂದ ಇವನು, ಕಣ್ಣರಳಿಸಿ.

"ಎಲ್ಲೂ ಇಲ್ಲಪ್ಪ. ಲೆಕ್ಕ ಹೇಳು."

"ನೆಲ ಗಟ್ಟಿ ಇದೆಯೋ ಇಲ್ವೋ ಗೊತ್ತಾಗ್ಬೇಕಲ್ಲ. ಬನ್ನಿ, ನಮ್ಮ ತೊಟ್ಟಿ ತೋರಿಸ್ತೀನಿ, ಅಳೆದು ನೋಡೋಣ. ಕಷ್ಟ ಏನಿಲ್ಲ."

ಅವರು ಏಳಲಿಲ್ಲ. ಏನೋ ಬರೆದುಕೊಂಡರು. ಬಾಗಿಲ ಬಳಿ ನನ್ನ ತಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ.

ಲಾಯರ್‌ಗೆ ಕೇಳಿದರು: "ಮಳೆ ಹೇಗೆ ಬರುತ್ತೆ?" ಇವಳು ಅವರ ಕೈ ಮೇಲೆ ಕೈಯಿಟ್ಟು, "ಇದನ್ನ ಕೇಳೋಕೆ ಸಂಕೋಚ ಬೇಡ ಮೇಡಂ, ತುಂಬಾ ಜನಕ್ಕೆ ಗೊತ್ತಿರಲ್ಲ," ಎಂದು ಸಮಾಧಾನ ಹೇಳಿ, ನೀರು ಕಾಯಿಸಲು ಪಾತ್ರೆ ತರುವಂತೆ ಜೋಡಿಗಳನ್ನು ಓಡಿಸಿದಳು.

ಅಧಿಕಾರಿ ಪೆನ್ನು ಕೆಳಗಿಟ್ಟರು. "ನೋಡು ಮಗು, ಮಳೆ ಹೇಗೆ ಬರುತ್ತೆ ಅಂತ ನನಗೆ ಗೊತ್ತು."

ಲಾಯರ್ ಅವರ ಕೈ ಮೇಲಿಂದ ತನ್ನ ಕೈ ತೆಗೆದಳು. "ಗೊತ್ತಿದ್ರೆ ಯಾಕೆ ಕೇಳ್ತೀರಿ?"

"ನಿನಗೆ ಗೊತ್ತಿದೆಯಾ ಅಂತ ನೋಡೋಕೆ."

"ಅಂದ್ರೆ... ಸುಮ್ನೆ ನಾಟಕನಾ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏಳೂ ಮಕ್ಕಳು ಅವರನ್ನು ಬೇರೆ ರೀತಿ ನೋಡತೊಡಗಿದರು. ಅಲ್ಲಿಯವರೆಗೆ ಗೊತ್ತಿಲ್ಲದವರು ಎಂದು ಪ್ರೀತಿ ಇತ್ತು, ಈಗ ಆ ಪ್ರೀತಿಯೂ ಹೋಯಿತು. ದೊಡ್ಡವಳು ಹಳೆಯ ದಿನಗಳ ಹಾಗೆ ಗೋಡೆಗೆ ಅಂಟಿ ನಿಂತಳು. ಅವಳು ಎಲ್ಲದಕ್ಕೂ ಸರಿಯಾದ ಉತ್ತರ ಹೇಳಿದಳು, ಆದರೆ ಒಂದೊಂದೇ ಪದದಲ್ಲಿ. ಜೋಡಿಗಳು ತಂದ ಪಾತ್ರೆಯನ್ನು ಅಡುಗೆಮನೆಗೆ ವಾಪಸ್ ಒಯ್ದರು. ಗುಮ್ಮನ ಸರದಿ ಬಂದಾಗ ಅವನು ತನ್ನ ಶೂ ನೋಡುತ್ತ ನಿಂತ. ಹೆಸರು ಕೇಳಿದರು, ಇಲ್ಲ. ವಯಸ್ಸು ಕೇಳಿದರು, ಇಲ್ಲ.

ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, "ತಪ್ಪು ತಿಳ್ಕೋಬೇಡಿ ಅಮ್ಮ," ಎಂದರು. "ನೀವು ಕಷ್ಟಪಟ್ಟಿದೀರಿ, ಕಾಣುತ್ತೆ. ಆದರೆ ಈ ಮಗುಗೆ ವಿಶೇಷ ಶಾಲೆ ಬೇಕು. ಉಳಿದವರೂ..." ವಾಕ್ಯ ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಚಹಾ ತರುತ್ತೇನೆ ಎಂದು ಹೇಳಿ ಒಳಗೆ ಹೋಗಿ, ಸಕ್ಕರೆ ಡಬ್ಬ ಹಿಡಿದು ಸುಮ್ಮನೆ ನಿಂತೆ.

ಆಗ ಅವರು ಹೊತ್ತು ಕಳೆಯಲೆಂದು ಕೋಣೆಯ ಮೂಲೆಗೆ ಹೋದರು. ಅಲ್ಲಿ ಎಂಜಿನಿಯರ್ ಮಾಡಿದ ಬಲ್ಬಿನ ಪೆಟ್ಟಿಗೆ ಇದೆಯಲ್ಲ, ಕಾವಿಗೆ ಮೊಟ್ಟೆ ಇಡುವುದು. ಒಂದು ಮೊಟ್ಟೆ ಕೈಗೆತ್ತಿಕೊಂಡು, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಖು ನೋಡಿ, ತಮಗೆ ತಾವೇ ಎಂಬಂತೆ ಹೇಳಿದರು: "ಅಲ್ಲಾ, ಇದರೊಳಗೆ ಮರಿ ಇದೆಯೋ ಇಲ್ವೋ ಒಡೆಯದೆ ಹೇಗೆ ಗೊತ್ತಾಗುತ್ತೆ?"

"ನಿಮಗೆ ಗೊತ್ತಿಲ್ವಾ?"

ಯಾರ ದನಿ ಎಂದು ನನಗೆ ತಿಳಿಯಲಿಲ್ಲ. ಅಡುಗೆಮನೆಯಿಂದ ಓಡಿಬಂದೆ. ಗುಮ್ಮ ತಲೆಯೆತ್ತಿ ನಿಂತಿದ್ದ.

ಅಧಿಕಾರಿಯೂ ಬೆಚ್ಚಿದ್ದರು. "ಇಲ್ಲಪ್ಪ," ಎಂದರು.

"ನಿಜವಾಗ್ಲೂ?"

"ನಿಜವಾಗ್ಲೂ ಗೊತ್ತಿಲ್ಲ."

ಗುಮ್ಮ ಒಂದು ಕ್ಷಣ ಅವರ ಮುಖವನ್ನೇ ನೋಡಿದ. ಆಮೇಲೆ ಸ್ಟೂಲು ಎತ್ತಿಕೊಂಡ. "ಬನ್ನಿ," ಎಂದ.

ಕಾಳಿನ ಚೀಲ ಇಡುವ ಕತ್ತಲೆ ಕೋಣೆಗೆ ಕರೆದೊಯ್ದು ಕೂರಿಸಿದ. ನಾವೆಲ್ಲ ಬಾಗಿಲ ಸಂದಿಯಲ್ಲಿ ತಲೆಯ ಮೇಲೆ ತಲೆ ಇಟ್ಟು ನೋಡಿದೆವು. ರಟ್ಟಿನ ಡಬ್ಬದ ತೂತಿನ ಮೇಲೆ ಮೊಟ್ಟೆ ಇಟ್ಟು, ಕೆಳಗಿನಿಂದ ಟಾರ್ಚ್ ಹಾಕಿದ. ಮೊಟ್ಟೆ ದೀಪದ ಹಾಗೆ ಕೆಂಪಗೆ ಬೆಳಗಿತು. "ಇಲ್ಲಿ ಕೆಂಪು ಗೆರೆ ಕಾಣ್ತಿದೆಯಲ್ಲಾ, ಅದು ರಕ್ತನಾಳ. ಭೂಪಟದಲ್ಲಿ ನದಿ ಇರುತ್ತಲ್ಲ, ಹಾಗೆ. ಈ ಕಪ್ಪು ಚುಕ್ಕೆ ಕಣ್ಣು. ಅಲುಗಾಡ್ತಿದೆ ನೋಡಿ. ಇದು ಹೋದ ತಿಂಗಳು ಮೂವತ್ತಕ್ಕೆ ಇಟ್ಟಿದ್ದು. ಇಪ್ಪತ್ತೊಂದು ದಿನ ಬೇಕು. ಜನವರಿಗೆ ಮೂವತ್ತೊಂದು ದಿನ, ಹಾಗಾಗಿ ಫೆಬ್ರವರಿ ಇಪ್ಪತ್ತಕ್ಕೆ ಮರಿ." ದನಿ ಸಣ್ಣದು, ಬಳಸದೆ ತುಕ್ಕು ಹಿಡಿದಂಥದ್ದು. ಆದರೆ ಎಲ್ಲೂ ತಡವರಿಸಲಿಲ್ಲ.

ಇನ್ನೊಂದು ಮೊಟ್ಟೆ ಅವರ ಕೈಗೆ ಕೊಟ್ಟ. "ಇದನ್ನ ನೀವು ಹೇಳಿ."

"ಇದರಲ್ಲೂ... ಮರಿ ಇದೆ?"

"ಇಲ್ಲ ಮೇಡಂ, ಅದು ಬರೀ ಹಳದಿಯ ನೆರಳು. ಪರವಾಗಿಲ್ಲ, ಮೊದಲ ಸಲ ನಾನೂ ಹಾಗೇ ಹೇಳಿದ್ದೆ. ಇನ್ನೊಂದು ನೋಡಿ."

ಎರಡನೆಯದು ಸರಿಹೋಯಿತು. ಮೂರನೆಯದೂ ಸರಿಹೋಯಿತು. ಅವರು ಸಂತೋಷದಿಂದ ಏಳಹೋದಾಗ ಇವನು ಬಿಡಲಿಲ್ಲ. "ಇನ್ನೂ ಮುಗಿದಿಲ್ಲ. ನೀವು ಈಗ ಬೇರೆಯವರಿಗೆ ಕಲಿಸ್ಬೇಕು. ಆವಾಗ್ಲೇ ಬಂತು ಅಂತ."

ಬೇರೆಯವರು ಎಂದರೆ ಯಾರು? ಡ್ರೈವರ್‌ನನ್ನು ಕರೆದರು. "ನನಗ್ಯಾಕೆ ಮೇಡಂ? ನನಗೆ ಮೊಟ್ಟೆ ತಿನ್ನೋದು ಬಿಟ್ರೆ ಬೇರೇನೂ ಗೊತ್ತಿಲ್ಲ," ಎಂದ ಅವನು. "ಗೊತ್ತಿಲ್ಲ ತಾನೇ? ಹಾಗಾದ್ರೆ ಕೂತ್ಕೊಳ್ಳಿ," ಎಂದು ಗುಮ್ಮ ಅವನನ್ನೂ ಕೂರಿಸಿದ. ಇಲಾಖೆಯ ಅಧಿಕಾರಿ ಕಾಳಿನ ಕೋಣೆಯಲ್ಲಿ ಟಾರ್ಚ್ ಹಿಡಿದು ತಮ್ಮ ಡ್ರೈವರ್‌ಗೆ, "ಇಲ್ಲಿ ನೋಡಪ್ಪಾ, ಇದು ನದಿ ಥರ..." ಎಂದು ಪಾಠ ಹೇಳುತ್ತಿದ್ದರೆ ಜೋಡಿಗಳು ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದರು.

ಹೊರಬಂದಾಗ ಅವರ ಮಂಡಿಯ ತುಂಬ ಕಾಳಿನ ಧೂಳು. ಕನ್ನಡಕ ಒರೆಸಿಕೊಂಡು, "ಈ ಮನೆಯಲ್ಲಿ ಪಾಠ ಹೀಗೇನಾ?" ಎಂದು ಕೇಳಿದರು. ಅದೂ ನಿಜವಾದ ಪ್ರಶ್ನೆ, ಮಕ್ಕಳಿಗೆ ತಕ್ಷಣ ಗೊತ್ತಾಯಿತು. ಏಳು ಜನರೂ ಒಟ್ಟಿಗೆ ಉತ್ತರ ಕೊಟ್ಟರು. ಅವರು ಪ್ರಶ್ನೆಗಳ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಸರಿ, ನಾನು ಏನೂ ಕೇಳಲ್ಲ. ನೀವು ನಿಮ್ಮ ಪಾಡಿಗೆ ಕಲಿಸಿ, ನಾನು ನೋಡ್ತೀನಿ," ಎಂದರು.

ಸಂಜೆಯವರೆಗೆ ಕೂತರು. ದೊಡ್ಡವಳು ಗೋಡೆ ಬಿಟ್ಟು ಬಂದು ಎಂಜಿನಿಯರ್‌ಗೆ ಬೀಜಗಣಿತ ಹೇಳಿದಳು. ಎಂಜಿನಿಯರ್ ಲಾಯರ್‌ಗೆ ತೊಟ್ಟಿಯ ಲೆಕ್ಕ ಹೇಳಿದ. ಅಳೆಯುವ ಹಗ್ಗ ಹಿಡಿಯಲು ಅಧಿಕಾರಿಯೇ ಎದ್ದು ಹೋದರು. ಜೋಡಿಗಳು ಗುಮ್ಮನಿಗೆ ನಕ್ಷೆ ಓದಿಸಿದರು. ಗುಮ್ಮ ಬಾಲಂಗೋಚಿಗೆ ಕೂಡಿಸುವುದು ಹೇಳಿಕೊಟ್ಟ. ಈ ಸಲ ಪಿಸುಗುಡಲಿಲ್ಲ.

ಅಲ್ಲಿಗೆ ಸಾಲು ಮುಗಿಯಿತು. "ನೀನು ಯಾರಿಗೆ ಕಲಿಸ್ತೀಯಮ್ಮ?" ಎಂದು ಅಧಿಕಾರಿ ಕೇಳಿದ್ದೇ ತಪ್ಪಾಯಿತು. ಬಾಲಂಗೋಚಿ ಕೆಳತುಟಿ ಮುಂದೆ ಮಾಡಿದಳು. "ನನಗೆ ಕೆಳಗಡೆ ಯಾರೂ ಇಲ್ಲ. ಕೋಳಿಗೆ ಅಕ್ಷರ ಹೇಳ್ಕೊಟ್ಟೆ. ಅವು ಬಳಪ ತಿಂದ್ಬಿಟ್ವು." ಆ ಗಟ್ಟಿ ಮುಖ ಒಡೆದು ನಗು ಬಂದದ್ದು ಆಗಲೇ.

ಈಗ ಮುಖ್ಯ ಸುದ್ದಿ. ಇಲಾಖೆಯ ಆದೇಶ ನಿನ್ನೆ ಕೈಸೇರಿತು: ಅನುಮತಿ ಮುಂದುವರಿದಿದೆ. ಏಳೂ ಮಕ್ಕಳಿಗೆ, ಇದೇ ಮನೆಯಲ್ಲಿ. ವರ್ಷಕ್ಕೊಮ್ಮೆ ಭೇಟಿ ಇರುತ್ತದೆ. ಪಾಠ ಹೇಳುವವರು ಎನ್ನುವ ಜಾಗದಲ್ಲಿ ನಿಮ್ಮ ಹೆಸರನ್ನು ಹಾಗೇ ಉಳಿಸಿ, ಪಕ್ಕದಲ್ಲಿ ನನ್ನದನ್ನೂ ಸೇರಿಸಿದ್ದಾರೆ.

ಓದಿ ಮುಗಿಸುವುದರೊಳಗೆ ಮನೆ ಮೀನಿನ ಮಾರುಕಟ್ಟೆಯಾಯಿತು. ಎಂಜಿನಿಯರ್ ಬಕೆಟ್ ಬಡಿದ. ಜೋಡಿಗಳು ಮೇಕೆಗೂ ಸುದ್ದಿ ಹೇಳಿ ಬಂದರು. ದೊಡ್ಡವಳು ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. ನನ್ನ ತಮ್ಮನಿಗೆ ಫೋನ್ ಮಾಡಿದರೆ, "ನಾನು ಅವತ್ತೇ ಹೇಳಿರ್ಲಿಲ್ವೇನಕ್ಕ, ಈ ಮಕ್ಕಳು ಗೆದ್ದೇ ಗೆಲ್ತಾರೆ ಅಂತ?" ಎಂದ. ಹೌದು, ನೀನು ಹೇಳಿದ್ದೆ ಕಣಪ್ಪ ಎಂದು ಒಪ್ಪಿಕೊಂಡೆ. ಗೆದ್ದ ಮನೆಯವರಿಗೆ ಅಷ್ಟು ಔದಾರ್ಯ ಇರಬೇಕು.

ಗುಮ್ಮ ಎಲ್ಲಿ ಎಂದು ಹುಡುಕಿದರೆ ಬಾಗಿಲ ಬಳಿ ಕೂತಿದ್ದ. ಶೂ ಬಿಚ್ಚುತ್ತಿದ್ದ. ಲೇಸು ಗಂಟಾಗಿತ್ತು, ಬಾಲಂಗೋಚಿ ಹಲ್ಲಿನಿಂದ ಎಳೆಯುತ್ತಿದ್ದಳು.

ಮಕ್ಕಳೆಲ್ಲ ನಿಮ್ಮ ಕಾಲಿಗೆ ಬಿದ್ದಿದ್ದಾರೆ ಎಂದು ತಿಳಿಯಿರಿ, ಒಬ್ಬರ ಮೇಲೊಬ್ಬರು. ಏಳು ತಲೆಗೂ ಒಂದೊಂದು ಆಶೀರ್ವಾದ ಅಲ್ಲಿಂದಲೇ ಕಳಿಸಿ. ಗುಮ್ಮನಿಗೆ ಎರಡು. ನಿಮ್ಮ ಕೈಕಾಲಿಗೆ ಬಲ ಬರಲಿ, ಊಟ ಸೇರಲಿ, ನಿದ್ದೆ ಹತ್ತಲಿ.

ಇಂತಿ ನಿಮ್ಮ
ಟೈಪಿಸ್ಟು

ಮರೆತಿದ್ದು: ಈ ಕಾಗದವನ್ನು ನಿಮಗೆ ನರ್ಸಮ್ಮನವರು ಓದಿ ಹೇಳುತ್ತಿದ್ದಾರೆ ಎಂದು ನನಗೆ ಗೊತ್ತು. ಅವರು ಫೋನಿನಲ್ಲಿ ಎಲ್ಲ ಹೇಳಿದರು. ಕಾಲು ಎತ್ತಿಡುತ್ತೀರಂತೆ, ಮಾತು ತಿರುಗುತ್ತಿದೆಯಂತೆ, ಅಕ್ಷರ ಮಾತ್ರ ಗುರುತು ಹತ್ತುತ್ತಿಲ್ಲವಂತೆ. ನನ್ನ ಹಿಂದಿನ ಕಾಗದವನ್ನು ಹಾಗೆ ಹೀಗೆ ತಿರುಗಿಸಿ ನೋಡಿ, ಮಡಚಿ ದಿಂಬಿನ ಕೆಳಗಿಟ್ಟು ಗೋಡೆ ಕಡೆ ಮುಖ ಮಾಡಿದಿರಂತೆ. ಪತ್ರಿಕೆ ತಂದರೆ ದೂರ ತಳ್ಳುತ್ತೀರಂತೆ. ಡಾಕ್ಟರು ಮನೆಗೆ ಹೋಗಬಹುದು ಎಂದರೂ, "ಆ ಮನೆಗೆ ಹೋಗಿ ಇನ್ನು ನಾನೇನು ಮಾಡ್ಲಿ?" ಎಂದಿರಂತೆ. ಇಷ್ಟುದ್ದ ಕಥೆ ಹೇಳಿದ್ದು ಅದಕ್ಕೇ.

ಮಕ್ಕಳಿಗೆ ಹೇಳಿಬಿಟ್ಟಿದ್ದೇನೆ. ಮುಚ್ಚಿಡುವ ಮನೆಯಲ್ಲವಲ್ಲ ನಮ್ಮದು. ಆಮೇಲೆ ನಿಮಗೆ ಅಕ್ಷರ ಯಾರು ಕಲಿಸಬೇಕು ಎಂದು ದೊಡ್ಡ ಜಗಳ. ಲಾಯರ್ ತಾನೇ ಕಲಿಸುತ್ತೇನೆಂದಳು, ಜೋಡಿಗಳು ಅಪ್ಪನನ್ನು ಹಂಚಿಕೊಳ್ಳೋಣ ಎಂದರು. ಕೊನೆಗೆ ಗುಮ್ಮ ಎದ್ದುನಿಂತು ನ್ಯಾಯ ಹೇಳಿದ: "ಅಪ್ಪನಿಗೆ ಅಕ್ಷರ ಗೊತ್ತಿಲ್ಲ. ಬಾಲಂಗೋಚಿಗೆ ಗೊತ್ತು. ಅಪ್ಪ ಅವಳ ಕೆಳಗೆ." ಯಾರೂ ಎದುರಾಡಲಿಲ್ಲ. ಮಂಗಳವಾರ ವ್ಯಾನು ತೆಗೆದುಕೊಂಡು ಬರುತ್ತೇನೆ, ಸಿದ್ಧವಾಗಿರಿ.

ಕಿಟಕಿಯ ಬಳಿ ನಿಮ್ಮ ಕುರ್ಚಿಯ ಪಕ್ಕಕ್ಕೆ ಅವಳು ಈಗಾಗಲೇ ಸ್ಟೂಲು ಎಳೆದಿಟ್ಟಿದ್ದಾಳೆ. ಸ್ಲೇಟು ಒರೆಸಿದ್ದಾಳೆ. ಇದನ್ನು ಬರೆಯುವಾಗ ಬಂದು ನನ್ನ ತೋಳು ಹಿಡಿದು ಕೇಳಿದಳು: "ಅಮ್ಮಾ, ಅಪ್ಪನಿಗೆ ನಿಜವಾಗ್ಲೂ ಗೊತ್ತಿಲ್ವಾ? ಇಲ್ಲಾ ನನಗೆ ಗೊತ್ತಿದೆಯಾ ಅಂತ ನೋಡ್ತಿದಾರಾ?"

ನಿಜವಾಗಿಯೂ ಗೊತ್ತಿಲ್ಲ ಎಂದೆ. ಆ ಮುಖ ನೀವು ನೋಡಬೇಕಾಗಿತ್ತು. ಈ ಮನೆಗೆ ಬಂದ ಮೇಲೆ ಅಷ್ಟು ದೊಡ್ಡ ಉಡುಗೊರೆ ಅವಳಿಗೆ ಯಾರೂ ಕೊಟ್ಟಿರಲಿಲ್ಲ.